ಲಿಮಿಟೆಡ್ ಎಡಿಷನ್ ಪರ್ಫಾರ್ಮೆನ್ಸ್ ಕಾರು: ಪುಣೆ–ಮುಂಬೈಯಲ್ಲಿ ಕೊಳ್ಳುವ ಮೊದಲು, ಕೊಂಡ ಮೇಲೆ

ಪುಣೆ, ಮುಂಬೈ, ಗೋವಾದಲ್ಲಿರುವ ಕನ್ನಡಿಗರಿಂದ ಲಿಮಿಟೆಡ್ ಎಡಿಷನ್ ಪರ್ಫಾರ್ಮೆನ್ಸ್ ಕಾರಿನ (ಹೆಚ್ಚು ಶಕ್ತಿಯ ಎಂಜಿನ್ನಿನ, ಸಣ್ಣ ಸಂಖ್ಯೆಯಲ್ಲಿ ಬರುವ ಕಾರು) ಬಗ್ಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಕಾರು ಮನಸ್ಸಿಗೆ ಹಿಡಿಸಿದೆ, ಬಂದಿದ್ದೇ ಕೆಲವು ನೂರು. ಆದರೆ ಕ್ವಾಲಿಟಿ ಬಗ್ಗೆ ದೂರು ಕೇಳಿದ್ದೇವೆ, ಮಾರಲು ಹೋದರೆ ಬೆಲೆ ಬರಲ್ಲ ಅಂತಾರೆ. ತಗೊಳ್ಳೋದಾ, ಬಿಡೋದಾ?"

ತಗೊಳ್ಳಬಹುದು, ಆದರೆ ಎರಡು ಷರತ್ತಿದೆ. ಕನಿಷ್ಠ ಏಳೆಂಟು ವರ್ಷ ಇಟ್ಟುಕೊಳ್ಳುವ ಮನಸ್ಸು ಬೇಕು. ಕಾರು ಬಿಡಿಭಾಗಕ್ಕಾಗಿ ಒಂದು ತಿಂಗಳು ಗ್ಯಾರೇಜಿನಲ್ಲಿ ನಿಂತರೂ ಮನೆಯ ಓಡಾಟ ನಡೆಯುವ ಬೇರೆ ವ್ಯವಸ್ಥೆ ಇರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಈ ಕಾರು ನಿಮ್ಮನ್ನು ಸುಸ್ತು ಮಾಡುತ್ತದೆ. ಎರಡೂ ಇದ್ದರೆ ಮುಂದೆ ಓದಿ.

1. ಅದು ಯಾವ ಬಗೆಯ 'ಲಿಮಿಟೆಡ್' ಎಂದು ಮೊದಲು ಗುರುತಿಸಿ

ಲಿಮಿಟೆಡ್ ಎಡಿಷನ್ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕು ಮಾರಾಟವಾಗುತ್ತವೆ.

ಮೊದಲನೆಯದು, ಇಲ್ಲೇ ತಯಾರಾಗಿ ಕೆಲವೇ ವರ್ಷ ಮಾರಾಟವಾಗಿ ನಿಂತುಹೋದ ಕಾರು. ಪುಣೆ ಪಕ್ಕದ ರಂಜಣಗಾಂವ್ ಕಾರ್ಖಾನೆಯಲ್ಲಿ ತಯಾರಾದ ಫಿಯೆಟ್ ಅಬಾರ್ತ್ ಪುಂಟೊ ಇಂಥದ್ದು: 2015ರಲ್ಲಿ ಬಂತು, 1.4 ಲೀಟರ್ ಟಿ-ಜೆಟ್ ಟರ್ಬೊ ಎಂಜಿನ್, 145 ಅಶ್ವಶಕ್ತಿ. 2018ರ ಟಾಟಾ ಟಿಯಾಗೊ ಜೆಟಿಪಿಯೂ ಇದೇ ಗುಂಪಿನದು. ಕೊಯಮತ್ತೂರಿನ ಜಯೆಂ ಆಟೊಮೋಟಿವ್ಸ್ ಜೊತೆ ಸೇರಿ ಟಾಟಾ ರೂಪಿಸಿದ ಕಾರು ಅದು, 1.2 ಲೀಟರ್ ಟರ್ಬೊ.

ಎರಡನೆಯದು, ವಿದೇಶದಲ್ಲಿ ಪೂರ್ತಿ ತಯಾರಾಗಿ ಸಣ್ಣ ಲಾಟ್‌ನಲ್ಲಿ ಹಡಗೇರಿ ಬಂದ ಕಾರು. 2020ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಭಾರತಕ್ಕೆ ಬಂದಿದ್ದು 200 ಮಾತ್ರ. 2025ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಬಂತು. ಇಂಥವು ಬರಲು ಒಂದು ನಿಯಮ ಕಾರಣ. ಹೊಮೊಲೊಗೇಶನ್, ಅಂದರೆ ಹೊಸ ಮಾಡೆಲ್ಲನ್ನು ಇಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಅನುಮೋದನೆ ಪಡೆಯುವ ದುಬಾರಿ ಪ್ರಕ್ರಿಯೆ. ವಿದೇಶದ ಮಾನ್ಯ ಮಾನದಂಡ ಪೂರೈಸಿದ ಕಾರುಗಳಾದರೆ, ಒಂದು ಕಂಪನಿ ವರ್ಷಕ್ಕೆ 2,500ರವರೆಗೆ ಈ ಪ್ರಕ್ರಿಯೆ ಇಲ್ಲದೆಯೇ ತರಬಹುದು ಎಂದು 2018ರಿಂದ ಅವಕಾಶವಿದೆ. ಅನುಕೂಲ ಕಂಪನಿಗೂ ನಮಗೂ ಇದೆ. ಬೆಲೆ ತೆರುವುದು ಬಿಡಿಭಾಗದಲ್ಲಿ: ನೂರಿನ್ನೂರು ಕಾರಿಗಾಗಿ ಯಾರೂ ಗೋದಾಮು ತುಂಬಿಸಿಡುವುದಿಲ್ಲ.

ಮೂರನೆಯದು ಸ್ಟಿಕರ್, ಕಪ್ಪು ಅಲಾಯ್ (ಮಿಶ್ರಲೋಹದ ಚಕ್ರ), ಕೆಂಪು ಹೊಲಿಗೆ ಹಾಕಿದ ಮಾಮೂಲಿ ಕಾರು. ಎಂಜಿನ್, ಬ್ರೇಕ್, ಸಸ್ಪೆನ್ಷನ್ ಯಾವುದೂ ಬದಲಾಗಿರುವುದಿಲ್ಲ. ಇದಕ್ಕೆ ಹೆಚ್ಚು ಹಣ ಕೊಡಬೇಡಿ. ಈ ಲೇಖನ ಇದರ ಬಗ್ಗೆ ಅಲ್ಲ.

ಎಚ್ಚರ: ಸಂಖ್ಯೆ ಕಡಿಮೆ ಎಂದ ಮಾತ್ರಕ್ಕೆ ಬೇಡಿಕೆ ಇದೆ ಎಂದಲ್ಲ. 2016ರ ಕೊನೆಗೆ ಪೋಲೊ ಜಿಟಿಐ ಸುಮಾರು 26 ಲಕ್ಷಕ್ಕೆ ಬಂತು, ನಿಗದಿಯಾಗಿದ್ದು 99 ಕಾರು. ಸುಮಾರು ಒಂದು ವರ್ಷದಲ್ಲಿ ಬೆಲೆ 20 ಲಕ್ಷದ ಒಳಗೆ ಇಳಿಯಿತು. ಮೊದಲು ಕೊಂಡವರ ಕಾರಿನ ಬೆಲೆ ಅವತ್ತೇ ಅಷ್ಟು ಕುಸಿಯಿತು. ಬುಕಿಂಗ್ ಮಾಡುವ ಮುನ್ನ ಲಾಟ್ ನಿಜಕ್ಕೂ ಖಾಲಿಯಾಗಿದೆಯೇ ಎಂದು ಎರಡು ಮೂರು ಊರಿನ ಶೋರೂಮ್‌ಗಳಿಗೆ ಫೋನ್ ಮಾಡಿ ವಿಚಾರಿಸಿ. ಬೇರೆ ಊರಲ್ಲಿ ಸ್ಟಾಕ್ ಇದೆ ಎಂದರೆ ಕಾಯಿರಿ, ಚೌಕಾಸಿಗೆ ಅವಕಾಶ ಇದೆ.

2. ಬಿಡಿಭಾಗಗಳನ್ನು ಎರಡು ಪಟ್ಟಿ ಮಾಡಿ

ನನ್ನ ದೃಷ್ಟಿಯಲ್ಲಿ ಇಡೀ ತೀರ್ಮಾನ ನಿಂತಿರುವುದು ಈ ಹಂತದ ಮೇಲೆ. ಎಂಜಿನ್ ಕೈಕೊಟ್ಟರೆ ಏನು ಗತಿ ಎಂದು ಎಲ್ಲರೂ ಹೆದರುತ್ತಾರೆ. ಆದರೆ ಇಂಥ ಕಾರನ್ನು ವಾರಗಟ್ಟಲೆ ನಿಲ್ಲಿಸುವುದು ಹೆಚ್ಚಾಗಿ ಮುಂದಿನ ಬಂಪರ್ರು, ಹೆಡ್‌ಲೈಟು, ಅಲಾಯ್ ವೀಲು.

ಕಾರಣ ಸರಳ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಪ್ಯಾಡ್, ಬುಷ್, ಸೆನ್ಸರ್ ಇವನ್ನು ಕಂಪನಿ ಹತ್ತಾರು ಮಾಡೆಲ್‌ಗಳಲ್ಲಿ ಬಳಸಿರುತ್ತದೆ. ಜೆಟಿಪಿಯ ಎಂಜಿನ್ ನೆಕ್ಸಾನ್ ಕುಟುಂಬದ್ದೇ, ಹಾಗಾಗಿ ಜೆಟಿಪಿ ನಿಂತುಹೋದರೂ ಎಂಜಿನ್ ಸಾಮಾನಿಗೆ ಪರದಾಟ ಇಲ್ಲ. ಅಬಾರ್ತ್ ಪುಂಟೊದ ಟಿ-ಜೆಟ್ ಯುರೋಪಿನ ಅಬಾರ್ತ್ 500, 595ರಲ್ಲೂ ಇರುವ ಎಂಜಿನ್, ಲಿನಿಯಾ ಟಿ-ಜೆಟ್‌ನಲ್ಲೂ ಬಂದಿತ್ತು. ಆಕ್ಟೇವಿಯಾ ಆರ್‌ಎಸ್‌ನ 2.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್ ಆಡಿ, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ತುಂಬಾ ಕಡೆ ಇದೆ. ಆದರೆ ಆರ್‌ಎಸ್ ಬಂಪರ್, ಜೆಟಿಪಿಯ ಬಾನೆಟ್, ಅಬಾರ್ತಿನ ಚೇಳಿನ ವಿನ್ಯಾಸದ ಅಲಾಯ್, ಸೀಟಿನ ಬಟ್ಟೆ ಬೇರೆ ಯಾವ ಕಾರಿನದ್ದೂ ಆಗುವುದಿಲ್ಲ.

ಹೀಗೆ ಮಾಡಿ. ಒಂದು ಹಾಳೆಯಲ್ಲಿ ಹಂಚಿಕೊಂಡ ಭಾಗಗಳು, ಇನ್ನೊಂದರಲ್ಲಿ ಈ ಎಡಿಷನ್ನಿಗೆ ಮಾತ್ರ ಸೀಮಿತವಾದ ಭಾಗಗಳು. ಎರಡನೇ ಹಾಳೆಯನ್ನು ಕಂಪನಿಯ ಸರ್ವಿಸ್ ಸೆಂಟರಿನ ಪಾರ್ಟ್ಸ್ ಕೌಂಟರಿಗೆ ಒಯ್ಯಿರಿ. ಸೇಲ್ಸ್‌ನವರನ್ನು ಕೇಳಬೇಡಿ, ಅವರಿಗೆ ಇದು ಗೊತ್ತಿರುವುದಿಲ್ಲ. ಚಾಸಿ ನಂಬರ್ ಕೊಟ್ಟು ಈ ಐದರ ಪಾರ್ಟ್ ನಂಬರ್, ಬೆಲೆ, ಬರಲು ಹಿಡಿಯುವ ದಿನ ಬರೆಸಿಕೊಳ್ಳಿ: ಮುಂದಿನ ಬಂಪರ್, ಒಂದು ಹೆಡ್‌ಲೈಟ್, ಮುಂದಿನ ಗಾಜು, ಒಂದು ಅಲಾಯ್, ಮುಂದಿನ ಬ್ರೇಕ್ ಡಿಸ್ಕ್. "ಲಭ್ಯವಿಲ್ಲ" ಎಂದು ಸಿಸ್ಟಂ ತೋರಿಸಿದರೆ ಅದನ್ನೂ ಬರೆದುಕೊಳ್ಳಿ, ಬೆಲೆ ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ.

ನಿಂತುಹೋದ ಮಾಡೆಲ್ ಆದರೆ, ಕೊಂಡ ವರ್ಷದಲ್ಲೇ ಒಂದು ಅಲಾಯ್ ಮತ್ತು ಮುಂದಿನ ಬಂಪರ್ ಹುಡುಕಿ ತಂದಿಟ್ಟುಕೊಳ್ಳಿ. ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೇ ಪಾರ್ಟ್ಸ್ ಅಂಗಡಿಗಳಲ್ಲಿ ಕೆಲವೊಮ್ಮೆ ಸಿಗುತ್ತದೆ. ಬಿಲ್ ಇಲ್ಲದ ಸಾಮಾನು ಮಾತ್ರ ಮುಟ್ಟಬೇಡಿ, ಕದ್ದ ಕಾರಿನದಾಗಿದ್ದರೆ ಪೊಲೀಸ್ ಠಾಣೆ ಹತ್ತುವುದು ನೀವು.

3. ತೆರಿಗೆ ಸೇರಿಸಿ ನಿಜವಾದ ಬೆಲೆ ಲೆಕ್ಕ ಹಾಕಿ

ಮಹಾರಾಷ್ಟ್ರದಲ್ಲಿ ವೈಯಕ್ತಿಕ ಹೆಸರಿನ ಪೆಟ್ರೋಲ್ ಕಾರಿಗೆ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ 10 ಲಕ್ಷದವರೆಗೆ ಶೇ 11, 20 ಲಕ್ಷದವರೆಗೆ ಶೇ 12, ಅದರಾಚೆ ಶೇ 13. ಆದರೆ ಪೂರ್ತಿ ಆಮದಾದ ಕಾರಿಗೆ, ಹಾಗೂ ಕಂಪನಿ ಹೆಸರಲ್ಲಿ ನೋಂದಾಯಿಸಿದ ಕಾರಿಗೆ, ಶೇ 20. ಹಲವರು ಎಡವುವುದು ಇಲ್ಲೇ. 53 ಲಕ್ಷ ಎಕ್ಸ್-ಶೋರೂಮ್ ಬೆಲೆಯ ಆಮದು ಕಾರಿಗೆ 10.6 ಲಕ್ಷ ತೆರಿಗೆಗೇ ಹೋಗುತ್ತದೆ. ಮಾರುವಾಗ ಕೊಳ್ಳುವವನು ಈ ಹಣವನ್ನು ಬೆಲೆಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

10 ಲಕ್ಷ ಮೀರಿದ ಹೊಸ ಕಾರಿಗೆ ಶೋರೂಮಿನವರು ಶೇ 1 ಟಿಸಿಎಸ್ ವಸೂಲಿ ಮಾಡುತ್ತಾರೆ. ಟಿಸಿಎಸ್ ಎಂದರೆ ನಿಮ್ಮ ಪ್ಯಾನ್ ಮೇಲೆ ಮುಂಗಡವಾಗಿ ಹಿಡಿದ ಆದಾಯ ತೆರಿಗೆ. ಇದನ್ನು ರಿಟರ್ನ್ಸ್‌ನಲ್ಲಿ ತೋರಿಸಿ ವಾಪಸ್ ಪಡೆಯಬಹುದು ಅಥವಾ ಕಟ್ಟಬೇಕಾದ ತೆರಿಗೆಗೆ ಹೊಂದಿಸಬಹುದು. ಖರ್ಚು ಎಂದುಕೊಂಡು ಮರೆತುಬಿಡುವವರು ಬಹಳ ಜನ.

ತೆರಿಗೆ ಉಳಿಸಲು ಗೋವಾ ನಂಬರ್ ಮಾಡಿಸೋಣ, ಬೆಳಗಾವಿಯ ಅಣ್ಣನ ವಿಳಾಸ ಕೊಡೋಣ ಎಂಬ ಯೋಚನೆ ಬೇಡ. ಕಾರು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಅಲ್ಲಿ ಮರುನೋಂದಣಿ ಕಡ್ಡಾಯ ಎಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಎದ್ದು ಕಾಣುವ ಕಾರನ್ನು ತಡೆದು ನಿಲ್ಲಿಸುವುದೂ ಹೆಚ್ಚು. ಊರಿಗೆ ಎಂಎಚ್ ನಂಬರಿನ ಕಾರಿನಲ್ಲಿ ಹೋಗಿ ಬರುವವರಿಗೆ ತೊಂದರೆ ಇಲ್ಲ, ಫಾಸ್ಟ್ಯಾಗಿನ ಟೋಲ್ ವಿವರವೇ ಕಾರು ಯಾವಾಗ ಗಡಿ ದಾಟಿತು ಎಂಬುದಕ್ಕೆ ಸಾಕ್ಷಿ. ಅದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಹಿಂಜವಡಿ, ಖರಾಡಿ ಕಡೆಯ ಐಟಿಯವರಲ್ಲಿ ಬಿಎಚ್ ಸರಣಿಯ ನಂಬರ್ ಜನಪ್ರಿಯ. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಸಂಸ್ಥೆಯ ನೌಕರರಿಗೆ ಸಿಗುತ್ತದೆ, ತೆರಿಗೆ ಎರಡೆರಡು ವರ್ಷದ ಲೆಕ್ಕ. ಊರೂರು ವರ್ಗವಾಗುವವರಿಗೆ ಒಳ್ಳೆಯದೇ. ಆದರೆ ಕೊಳ್ಳುವವನಿಗೆ ಬಿಎಚ್ ಅರ್ಹತೆ ಇಲ್ಲದಿದ್ದರೆ ಅವನು ರಾಜ್ಯದ ನಂಬರಿಗೆ ಬದಲಾಯಿಸಿಕೊಂಡು ತೆರಿಗೆ ಕಟ್ಟಬೇಕು, ಆ ಮೊತ್ತವನ್ನು ನಿಮ್ಮ ಬೆಲೆಯಲ್ಲೇ ಕಡಿಯುತ್ತಾನೆ.

4. ಹಳೆಯ ಕಾರಾದರೆ ತಪಾಸಣೆ

ಮೊದಲು ದಾಖಲೆ. ಸರ್ಕಾರದ ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ಆರ್‌ಸಿ ಸ್ಥಿತಿ, ಹೈಪೋಥಿಕೇಶನ್ (ಸಾಲದ ಹಿಡಿತ), ವಿಮೆ, ಬಾಕಿ ಚಲನ್ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಫಾರ್ಮ್ 35 (ಸಾಲದ ಹಿಡಿತ ತೆಗೆಸುವ ಅರ್ಜಿ) ಮತ್ತು ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಬೇರೆ ರಾಜ್ಯದ ಕಾರಾದರೆ ಫಾರ್ಮ್ 28, ಅಂದರೆ ಹಳೆಯ ಆರ್‌ಟಿಒದ ಎನ್‌ಒಸಿ ಬೇಕು. ಇಲ್ಲಿನ ತೆರಿಗೆ ಹೊಸದಾಗಿ ಕಟ್ಟಬೇಕು, ಹಳೆಯ ರಾಜ್ಯದಿಂದ ಮರುಪಾವತಿ ಬರಲು ತಿಂಗಳುಗಳೇ ಹಿಡಿಯುತ್ತವೆ.

ನಂತರ ಬಣ್ಣ. ಪೇಂಟ್ ಗೇಜ್ (ಬಣ್ಣದ ದಪ್ಪ ಅಳೆಯುವ ಸಾಧನ) ಇರುವವರನ್ನು ಕರೆದೊಯ್ಯಿರಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್. 200 ದಾಟಿದರೆ ಮತ್ತೆ ಬಣ್ಣ ಹೊಡೆದಿರಬಹುದು, ಅದಕ್ಕಿಂತ ಬಹಳ ಹೆಚ್ಚಿದ್ದರೆ ಒಳಗೆ ಪುಟ್ಟಿ ಇದೆ. ಬಾಗಿಲು ಒಂದೆರಡು ಮತ್ತೆ ಪೇಂಟ್ ಆಗಿದ್ದರೆ ಚಿಂತೆ ಇಲ್ಲ. ಛಾವಣಿ ಹೊರುವ ಕಂಬಗಳು, ಛಾವಣಿ, ಬಾನೆಟ್ ಒಳಗಿನ ಅಡ್ಡಪಟ್ಟಿಗೆ ಪೆಟ್ಟು ಬಿದ್ದಿದ್ದರೆ ಆ ಕಾರು ಬೇಡ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ.

ಟಿ-ಜೆಟ್ ಎಂಜಿನ್ನಿನಲ್ಲಿ ನೋಡಬೇಕಾದವು: ತಣ್ಣಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಶಬ್ದ ಬಂದು, ಬಿಸಿಯಾದಂತೆ ಕಡಿಮೆಯಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಸೇರುವ ಎರಕದ ಕೊಳವೆ) ಬಿರುಕು ಬಿಟ್ಟಿರುವ ಸಾಧ್ಯತೆ ಇದೆ. ಟರ್ಬೊಗೆ ಎಣ್ಣೆ ಒಯ್ಯುವ ಬೋಲ್ಟ್ ಒಳಗೆ ಸಣ್ಣ ಜಾಲರಿ ಇರುತ್ತದೆ. ಆಯಿಲ್ ತಡವಾಗಿ ಬದಲಿಸಿದ ಕಾರಿನಲ್ಲಿ ಅದು ಕಟ್ಟಿಕೊಂಡು ಟರ್ಬೊ ಎಣ್ಣೆಯಿಲ್ಲದೆ ಸವೆಯುತ್ತದೆ. ಆ ಬೋಲ್ಟ್ ಬಿಚ್ಚಿ ನೋಡಲು ಹೆಚ್ಚು ಹೊತ್ತು ಬೇಡ, ಮೆಕ್ಯಾನಿಕ್‌ಗೆ ಹೇಳಿ ನೋಡಿಸಿ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸಿ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ತಲೆಯೇ ಹೋಗುತ್ತದೆ.

ಟಿಎಸ್‌ಐ–ಡಿಎಸ್‌ಜಿ ಕಾರಿನಲ್ಲಿ: ಡಿಎಸ್‌ಜಿ ಎಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್. ಪೋಲೊ ಜಿಟಿಐನದು ಒಣ ಕ್ಲಚ್ಚಿನದು, ಆರ್‌ಎಸ್ 245ರದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನದು. ಒಣ ಕ್ಲಚ್ ಟ್ರಾಫಿಕ್ಕಿನಲ್ಲಿ ಬೇಗ ಬಿಸಿಯಾಗುತ್ತದೆ. ಅರ್ಧ ಗಂಟೆ ಊರೊಳಗೆ ಓಡಿಸಿ, ಮೊದಲಿನಿಂದ ಎರಡನೇ ಗೇರಿಗೆ ಹೋಗುವಾಗ ನಡುಕ ಬಂದರೆ ಕ್ಲಚ್ ಖರ್ಚು ಹತ್ತಿರವಿದೆ. ಎಣ್ಣೆ ಕ್ಲಚ್ಚಿನದಾದರೆ 60,000 ಕಿ.ಮೀ. ಹೊತ್ತಿಗೆ ಗೇರ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಬಿಲ್ ಕೇಳಿ. ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಮತ್ತು ವಾಟರ್ ಪಂಪ್ ಸೇರಿದ ಪ್ಲಾಸ್ಟಿಕ್ ಕವಚದಿಂದ ಕೂಲಂಟ್ ಸೋರುವುದು ಗೊತ್ತಿರುವ ದೋಷ. ಕೂಲಂಟ್ ಡಬ್ಬಿಯ ಮಟ್ಟ ನೋಡಿ, ಎಂಜಿನ್ನಿನ ಬದಿಯಲ್ಲಿ ಗುಲಾಬಿ ಬಣ್ಣದ ಒಣಗಿದ ಕಲೆ ಹುಡುಕಿ.

ಕೊನೆಗೆ ಸ್ಕ್ಯಾನರ್. ಒಬಿಡಿ ಎಂಬುದು ಸ್ಟೀರಿಂಗ್ ಕೆಳಗಿನ ಸಾಕೆಟ್, ಅದಕ್ಕೆ ಸ್ಕ್ಯಾನರ್ ಚುಚ್ಚಿದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳು ಕಾಣುತ್ತವೆ. ಫೋಕ್ಸ್‌ವ್ಯಾಗನ್, ಸ್ಕೋಡಾಗೆ ವಿಸಿಡಿಎಸ್, ಫಿಯೆಟ್‌ಗೆ ಮಲ್ಟಿಇಸಿಯುಸ್ಕ್ಯಾನ್ ಇರುವ ಗ್ಯಾರೇಜಿಗೇ ಒಯ್ಯಿರಿ. ಅಗ್ಗದ ಬ್ಲೂಟೂತ್ ಉಪಕರಣ ಎಂಜಿನ್ ದೋಷ ಮಾತ್ರ ತೋರಿಸುತ್ತದೆ, ಗೇರ್‌ಬಾಕ್ಸ್, ಏರ್‌ಬ್ಯಾಗ್ ತೋರಿಸದು. ಎಲ್ಲ ದೋಷ ಕೋಡ್‌ಗಳೂ ನಿನ್ನೆ ಮೊನ್ನೆ ಅಳಿಸಿಹೋಗಿವೆ ಎಂದು ಕಂಡರೆ ಕಾರಣ ಕೇಳಿ.

5. ಹೊಸ ಕಾರಾದರೆ ಡೆಲಿವರಿಗೆ ಮೊದಲು

ನೋಂದಣಿ ಆಗುವ ಮೊದಲೇ ಯಾರ್ಡಿನಲ್ಲಿ ಹಗಲು ಬೆಳಕಿನಲ್ಲಿ ನೋಡಿ. ಟೈರಿನ ಬದಿಯ ನಾಲ್ಕಂಕಿ (ಮೊದಲೆರಡು ವಾರ, ಕೊನೆಯೆರಡು ವರ್ಷ), ಬ್ಯಾಟರಿ, ಗಾಜುಗಳ ತಯಾರಿ ದಿನಾಂಕ ಒಂದಕ್ಕೊಂದು ಹೊಂದಬೇಕು. ಹಡಗಿನಲ್ಲಿ, ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಬ್ಯಾಟರಿ ಸೋತಿರುವುದು, ಬ್ರೇಕ್ ಡಿಸ್ಕ್ ತುಕ್ಕು ಹಿಡಿದಿರುವುದು ಸಾಮಾನ್ಯ. ತೆಳು ತುಕ್ಕು ಓಡಿಸಿದರೆ ಹೋಗುತ್ತದೆ, ಬ್ಯಾಟರಿ ಹೊಸದು ಹಾಕಿಸಿಕೊಳ್ಳಿ. ಕಂಡ ದೋಷವನ್ನು ಬಾಯಿಮಾತಿನಲ್ಲಿ ಬಿಡದೆ ಇ-ಮೇಲ್ ಮಾಡಿ, ಉತ್ತರ ಬಂದ ಮೇಲೆ ಸಹಿ ಹಾಕಿ.

ವಾರಂಟಿಯಲ್ಲಿ ಅದೇ ದೋಷ ಮತ್ತೆ ಮತ್ತೆ ಬಂದರೆ ಪ್ರತಿ ಸಲವೂ ಜಾಬ್ ಕಾರ್ಡಿನ (ಸರ್ವಿಸ್‌ಗೆ ಬಿಟ್ಟಾಗ ದೂರು ಬರೆಯುವ ಹಾಳೆ) ಪ್ರತಿ ತೆಗೆದುಕೊಳ್ಳಿ. ಅದರಲ್ಲಿ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ, "ಜನರಲ್ ಚೆಕ್" ಎಂದು ಬರೆಯಲು ಬಿಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗ್ರಾಹಕ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಕೊಟ್ಟ ಬೆಲೆ 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. ಅಲ್ಲಿ ನಿಲ್ಲುವುದು ಜಾಬ್ ಕಾರ್ಡುಗಳೇ.

6. ವಿಮೆ

ಐಡಿವಿ ಎಂದರೆ ಕಾರು ಪೂರ್ತಿ ಹೋದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತ. ಎರಡು ವರ್ಷ ದಾಟಿ ಮೂರರೊಳಗೆ ಶೇ 30, ನಾಲ್ಕರಿಂದ ಐದರೊಳಗೆ ಶೇ 50 ಸವಕಳಿ ಕಳೆದು ಲೆಕ್ಕ ಹಾಕುತ್ತಾರೆ, ಐದರ ನಂತರ ಮಾತುಕತೆಯಿಂದ. ಕಾರು ಅಪರೂಪದ್ದು ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ. ಐದು ವರ್ಷ ದಾಟಿದ ಕಾರಿಗೆ ಪ್ರೀಮಿಯಂ ಉಳಿಸಲು ಐಡಿವಿ ಇಳಿಸಬೇಡಿ. ಇಳಿಸಿದರೆ ಒಂದು ಬಂಪರ್, ಎರಡು ಲೈಟು, ರೇಡಿಯೇಟರ್ ಒಡೆದರೇ ರಿಪೇರಿ ಖರ್ಚು ಐಡಿವಿಯ ಶೇ 75 ಮುಟ್ಟಿ "ಟೋಟಲ್ ಲಾಸ್" ಎಂದು ಕಾರನ್ನೇ ಗುಜರಿಗೆ ಹಾಕುವ ಸ್ಥಿತಿ ಬರುತ್ತದೆ.

ಮೊದಲ ವರ್ಷಗಳಲ್ಲಿ ರಿಟರ್ನ್ ಟು ಇನ್‌ವಾಯ್ಸ್ (ಕಾರು ಪೂರ್ತಿ ಹೋದರೆ ಐಡಿವಿ ಬದಲು ಬಿಲ್ ಬೆಲೆ ಕೊಡುವ ಹೆಚ್ಚುವರಿ ವಿಮೆ) ಸೇರಿಸಿ, ಬಿಲ್ ಬೆಲೆಯ ಜೊತೆ ರಸ್ತೆ ತೆರಿಗೆಯೂ ಬರುವಂತೆ ಷರತ್ತು ಓದಿ ಖಚಿತಪಡಿಸಿಕೊಳ್ಳಿ. ಶೇ 20 ತೆರಿಗೆ ಕಟ್ಟಿದವರಿಗೆ ಇದು ದೊಡ್ಡ ಮೊತ್ತ. ಮುಂಬೈಯಲ್ಲಿ ಎಂಜಿನ್ ಪ್ರೊಟೆಕ್ಟ್ (ನೀರು ಹೋಗಿ ಎಂಜಿನ್ ಕೆಟ್ಟರೆ ಒದಗುವ ಹೆಚ್ಚುವರಿ ವಿಮೆ) ಇಲ್ಲದೆ ಮಳೆಗಾಲ ಕಳೆಯಬೇಡಿ. ನೆಲಮಾಳಿಗೆಗೆ ನೀರು ನುಗ್ಗಿ ಕಾರು ಮುಳುಗಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ನೀರು ಸಿಲಿಂಡರಿಗೆ ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ನಿಮ್ಮ ಅಜಾಗರೂಕತೆ ಎಂದು ಕ್ಲೇಮ್ ನಿಲ್ಲಿಸುತ್ತಾರೆ. ಫೋಟೊ ತೆಗೆದು ಟೋ ಮಾಡಿಸಿ.

7. ದಿನನಿತ್ಯದ ಬಳಕೆ

ಕೊಳ್ಳುವ ಮೊದಲೇ ಟೆಸ್ಟ್ ಡ್ರೈವ್ ಕಾರನ್ನು ನಿಮ್ಮ ಸೊಸೈಟಿಯ ರ್‍ಯಾಂಪ್‌ಗೆ ತನ್ನಿ. ಥಾಣೆ, ಡೊಂಬಿವಲಿ, ಮುಲುಂಡ್ ಕಡೆ ಯಂತ್ರದ ಮೇಲೆ ಏರುವ ಪಾರ್ಕಿಂಗ್ ಇದ್ದರೆ ಹಲಗೆಯ ಅಗಲ ಅಳೆಯಿರಿ. ಅಂಚಿನ ಕಬ್ಬಿಣಕ್ಕೆ ಅಗಲದ ಟೈರಿನ ಅಲಾಯ್ ಉಜ್ಜುತ್ತದೆ. 225/40 ಆರ್18 ಅಳತೆಯ ಟೈರಿನ ಬದಿ 9 ಸೆಂಟಿಮೀಟರ್ ಮಾತ್ರ. ಮಳೆಗಾಲದ ಗುಂಡಿಗೆ ಬಿದ್ದರೆ ರಿಮ್ ಬಾಗುತ್ತದೆ ಅಥವಾ ಟೈರ್ ಬದಿ ಉಬ್ಬುತ್ತದೆ. ಉಬ್ಬಿದ ಟೈರನ್ನು ಎಕ್ಸ್‌ಪ್ರೆಸ್‌ವೇಗೆ ಒಯ್ಯಬೇಡಿ. ಗಾಳಿಯನ್ನು ವಾರಕ್ಕೊಮ್ಮೆ ನೋಡಿ. ಗಾಳಿ ಕಡಿಮೆ ಇದ್ದರೆ ಪೆಟ್ಟು ನೇರ ರಿಮ್ಮಿಗೆ.

ಕಾರಿನ ಕಂಪನಿ 15,000 ಕಿ.ಮೀ. ಎಂದರೂ ಎಂಜಿನ್ ಆಯಿಲನ್ನು 7,500ಕ್ಕೆ ಅಥವಾ ವರ್ಷಕ್ಕೊಮ್ಮೆ ಬದಲಿಸಿ. ಕೈಪಿಡಿಯಲ್ಲಿರುವ ಮಾನದಂಡದ ಆಯಿಲನ್ನೇ ಹಾಕಿಸಿ. ಜೋರಾಗಿ ಓಡಿಸಿ ಬಂದ ಮೇಲೆ ಕೊನೆಯ ಎರಡು ಕಿ.ಮೀ. ನಿಧಾನ ಓಡಿಸಿ, ಟರ್ಬೊ ತಣಿಯಲಿ. ಡಿಎಸ್‌ಜಿ ಇದ್ದರೆ ಸಿಗ್ನಲ್ಲಿನಲ್ಲಿ ಇಂಚಿಂಚು ತೆವಳಬೇಡಿ, ಬ್ರೇಕ್ ಗಟ್ಟಿಯಾಗಿ ಒತ್ತಿ ನಿಲ್ಲಿ, ಜಾಗ ಆದ ಮೇಲೆ ಒಂದೇ ಸಲ ಮುಂದೆ ಹೋಗಿ.

ಪೆಟ್ರೋಲ್: ಟ್ಯಾಂಕಿನ ಮುಚ್ಚಳದ ಒಳಗೆ ಎಷ್ಟು ಆಕ್ಟೇನ್ (ಪೆಟ್ರೋಲಿನ ದರ್ಜೆ ಹೇಳುವ ಸಂಖ್ಯೆ), ಎಷ್ಟು ಎಥೆನಾಲ್ ಆಗುತ್ತದೆ ಎಂದು ಬರೆದಿರುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಶೇ 20 ಎಥೆನಾಲ್ ಬೆರೆತದ್ದು. 2023ಕ್ಕಿಂತ ಹಳೆಯ ಕಾರುಗಳಲ್ಲಿ ಬಹುಪಾಲನ್ನು ಅದಕ್ಕೆಂದು ಮಾಡಿಲ್ಲ, ಇಂಧನದ ರಬ್ಬರ್ ಕೊಳವೆಗಳನ್ನು ವರ್ಷಕ್ಕೊಮ್ಮೆ ನೋಡಿಸಿ. ಎಥೆನಾಲ್ ನೀರು ಹೀರುತ್ತದೆ, ಆದ್ದರಿಂದ ನಿಲ್ಲಿಸಿಡುವ ಕಾರಿನ ಟ್ಯಾಂಕ್ ತುಂಬಿಡಿ. 100 ಆಕ್ಟೇನಿನ ಪೆಟ್ರೋಲ್ ಮುಂಬೈ, ಪುಣೆಯ ಆಯ್ದ ಬಂಕುಗಳಲ್ಲಿ 2020ರ ಡಿಸೆಂಬರಿನಿಂದ ಸಿಗುತ್ತಿದೆ. ಕೈಪಿಡಿ 95 ಸಾಕು ಎಂದಿದ್ದರೆ ದಿನಾ ಅದಕ್ಕೆ ಹಣ ಸುರಿಯುವ ಅಗತ್ಯವಿಲ್ಲ.

ವಾರಕ್ಕೊಮ್ಮೆ ಕನಿಷ್ಠ ಅರ್ಧ ಗಂಟೆ ಓಡಿಸಿ. ಗೋವಾದಲ್ಲಿ, ಅದರಲ್ಲೂ ಕಡಲ ಬದಿಯಲ್ಲಿರುವವರು ಕಾರಿನ ಅಡಿಭಾಗವನ್ನು ತಿಂಗಳಿಗೊಮ್ಮೆ ಸಿಹಿನೀರಿನಿಂದ ತೊಳೆಸಿ. ಇಲಿ ವೈರು ಕಡಿಯುವುದು ಈ ಮೂರೂ ಕಡೆ ದೊಡ್ಡ ಉಪದ್ರವ, ಈ ಕಾರುಗಳ ವೈರಿಂಗ್ ಹಾರ್ನೆಸ್ (ವೈರುಗಳ ಕಟ್ಟು) ಸಿಗುವುದು ಕಷ್ಟ. ಎಂಜಿನ್ ಕೆಳಗಿನ ಸಂದುಗಳಿಗೆ ಉಕ್ಕಿನ ಜಾಲರಿ ಹಾಕಿಸಿ.

8. ಮಾಡಿಫಿಕೇಶನ್

ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೂಲ ವಿವರಣೆ ಬದಲಾಗುವಂಥ ಮಾರ್ಪಾಡಿಗೆ ಅವಕಾಶ ಕೊಡುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಎಂಜಿನ್ ಕಂಪ್ಯೂಟರಿನ ಮ್ಯಾಪ್ ಬದಲಿಸಿದರೆ ಕಂಪನಿಯ ಸ್ಕ್ಯಾನರಿಗೆ ಗೊತ್ತಾಗುತ್ತದೆ, ವಾರಂಟಿ ಹೋಗುತ್ತದೆ. ಮುಂದೆ ಇಂಥ ಕಾರು ಹುಡುಕಿ ಬರುವವನು ಕೇಳುವುದು ಕಂಪನಿಯಿಂದ ಬಂದಂತೆಯೇ ಇರುವ ಕಾರನ್ನು. ಟೈರ್, ಒಳ್ಳೆಯ ಬ್ರೇಕ್ ಪ್ಯಾಡ್ ಅಷ್ಟಕ್ಕೆ ನಿಲ್ಲಿಸಿ. ಹಿಂದಿನ ಮಾಲೀಕ ಸೈಲೆನ್ಸರ್ ಬದಲಿಸಿದ್ದರೆ ಮೂಲದ್ದನ್ನು ಕೇಳಿ ಪಡೆಯಿರಿ, ಕೊಡದಿದ್ದರೆ ಅದರ ಬೆಲೆ ಕಳೆಯಿರಿ.

9. ಮಾರುವಾಗ

ಸಾಮಾನ್ಯ ಹಳೇ ಕಾರಿನ ಡೀಲರ್ ಇದಕ್ಕೆ ಮಾಮೂಲಿ ಮಾಡೆಲ್ಲಿನ ಬೆಲೆಯನ್ನೇ ಹೇಳುತ್ತಾನೆ, ಏಕೆಂದರೆ ಅವನಲ್ಲಿಗೆ ಬರುವ ಗಿರಾಕಿ ಅಂಥವನು. ಈ ಕಾರಿನ ಹೆಸರು ಹಿಡಿದು ಹುಡುಕುವವರು ದೇಶದಲ್ಲಿ ಕೆಲವರೇ, ಅವರು ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಇರಬಹುದು. ಮೂರರಿಂದ ಆರು ತಿಂಗಳು ಕಾಯುವ ತಯಾರಿ ಇಟ್ಟುಕೊಳ್ಳಿ, ತುರ್ತು ಇದ್ದರೆ ಬೆಲೆ ಸಿಗದು. ಎಲ್ಲ ಸರ್ವಿಸ್ ಬಿಲ್ಲು, ಎರಡೂ ಕೀಲಿ, ತಂದಿಟ್ಟ ಬಿಡಿಭಾಗಗಳು, ಅಡಿಭಾಗದ ಫೋಟೊ, ಇತ್ತೀಚಿನ ಸ್ಕ್ಯಾನ್ ವರದಿ ಒಂದೇ ಕಡತದಲ್ಲಿ ಜೋಡಿಸಿ. ಬೆಲೆ ಏರಿಸುವುದು ಈ ಕಡತ, ಇದು ಎಷ್ಟನೇ ಕಾರು ಎಂದು ಡ್ಯಾಶ್‌ಬೋರ್ಡಿನಲ್ಲಿ ಬರೆದ ಫಲಕವಲ್ಲ.

ಒಪ್ಪಂದವಾದ ಮೇಲೆ ಫಾರ್ಮ್ 29, 30ಕ್ಕೆ (ಮಾಲೀಕತ್ವ ವರ್ಗಾವಣೆಯ ಅರ್ಜಿಗಳು) ಸಹಿ ಹಾಕಿ ಪ್ರತಿ ಇಟ್ಟುಕೊಳ್ಳಿ. ಅದೇ ರಾಜ್ಯದೊಳಗಾದರೆ 14 ದಿನ, ಬೇರೆ ರಾಜ್ಯಕ್ಕಾದರೆ 45 ದಿನದೊಳಗೆ ಮಾರಿದವರು ಆರ್‌ಟಿಒಗೆ ತಿಳಿಸಬೇಕು. ಖಾಲಿ ಫಾರ್ಮಿಗೆ ಸಹಿ ಹಾಕಿ ಮಧ್ಯವರ್ತಿಯ ಕೈಗೆ ಕೊಡಬೇಡಿ, ಹೆಸರು ಬದಲಾಗುವವರೆಗೆ ಆ ಕಾರಿನ ಅಪಘಾತಕ್ಕೂ ಚಲನ್ನಿಗೂ ಹೊಣೆ ನೀವೇ. ಫಾಸ್ಟ್ಯಾಗ್ ಮುಚ್ಚಿಸಿ. ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ಸಿನ ಪತ್ರ ಪಡೆಯಿರಿ, ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿನ ಸ್ವಂತ ಹಾನಿ ಪ್ರೀಮಿಯಂನಲ್ಲಿ ಶೇ 50ರವರೆಗೆ ಕಡಿತ ಸಿಗುತ್ತದೆ.